ಬೂಮ್ ಹಿಡಿದ ವರ್ಷಗಳು

ಆ ಕೆಲಸದ ಹೆಸರನ್ನು ನಾನು ಮೊದಲು ಕೇಳಿದ್ದು ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಒಂದು ಸ್ಕ್ಯಾನಿಂಗ್ ಕ್ಲಿನಿಕ್ಕಿನಲ್ಲಿ. ಆಗ ನಾನು ಅಲ್ಲಿ ಸೋನೋಗ್ರಾಫರ್. ದಿನವಿಡೀ ಜನರ ಹೊಟ್ಟೆಗೆ, ಕುತ್ತಿಗೆಗೆ, ಮೊಣಕಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಯಂತ್ರದ ಹಿಡಿಕೆಯನ್ನು ಆಡಿಸುತ್ತ, ಒಳಗಿರುವುದನ್ನು ಪರದೆಯ ಮೇಲೆ ಹುಡುಕುವುದು ನನ್ನ ಕೆಲಸ. ಆ ದಿನ ಮಂಚದ ಮೇಲಿದ್ದವಳು ಐದು ತಿಂಗಳ ಬಸುರಿ, ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಎಲ್ಲ ತಾಯಂದಿರೂ ಪರದೆಯನ್ನು ಕಣ್ಣು ಕೀಳದೆ ನೋಡುತ್ತಾರೆ. ಇವಳು ಮಾತ್ರ ನನ್ನ ಕೈಯನ್ನು ನೋಡುತ್ತಿದ್ದಳು.

"ನೀನು ಒಂದು ಸಲವೂ ನಿನ್ನ ಕೈ ಕಡೆ ನೋಡಲಿಲ್ಲ," ಅಂದಳು.

"ನೋಡಿದರೆ ಕೈ ತಪ್ಪುತ್ತದೆ," ಅಂದೆ.

"ನನ್ನದೂ ಅದೇ ಕೆಲಸ. ಪರದೆ ನೋಡುತ್ತ ಕೈ ಆಡಿಸುವುದು. ನಾನು ವಾಯುಪಡೆಯಲ್ಲಿ ಬೂಮ್ ಆಪರೇಟರ್."

ಹಾಗಂದರೇನು ಎಂದು ಕೇಳಿದೆ. ಸ್ಕ್ಯಾನ್ ಮುಗಿಯುವವರೆಗೂ ಹೇಳಿದಳು. ಪ್ರಯಾಣಿಕರ ವಿಮಾನದಷ್ಟು ದೊಡ್ಡದಾದ ಟ್ಯಾಂಕರ್ ವಿಮಾನವೊಂದು ಹಾರುತ್ತಿರುತ್ತದೆ. ಅದರ ಬಾಲದ ಕೆಳಗೆ ಉದ್ದನೆಯ ಗಟ್ಟಿ ಕೊಳವೆ. ಅದಕ್ಕೆ ಬೂಮ್ ಎನ್ನುತ್ತಾರೆ. ಕೊಳವೆಗೇ ಪುಟ್ಟ ರೆಕ್ಕೆಗಳಿರುವುದರಿಂದ ಅದನ್ನು ಗಾಳಿಯಲ್ಲಿ ಬೇಕಾದ ಕಡೆಗೆ ತಿರುಗಿಸಬಹುದು. ಇಂಧನ ಬೇಕಾದ ಯುದ್ಧವಿಮಾನ ಹಿಂದಿನಿಂದ ಬಂದು, ಬಾಲದ ಕೆಳಗೆ ಜಾಗ ಹಿಡಿದು, ಟ್ಯಾಂಕರಿನಷ್ಟೇ ವೇಗದಲ್ಲಿ ಹಾರುತ್ತಿರುತ್ತದೆ. ಆಗ ಆಪರೇಟರ್ ಬೂಮನ್ನು ಅದರ ಬೆನ್ನಿನ ಮೇಲಿರುವ ರಂಧ್ರದೊಳಕ್ಕೆ ಕೂರಿಸಬೇಕು. ಆಪರೇಟರ್ ಕೂರುವುದು ಮುಂದೆ, ಪೈಲಟ್‌ಗಳ ಬೆನ್ನ ಹಿಂದೆ. ಬಾಲದ ಕ್ಯಾಮೆರಾಗಳು ತೋರಿಸುವುದೆಲ್ಲ ಎದುರಿನ ಪರದೆಯಲ್ಲಿ ಕಾಣುತ್ತದೆ. ವಿಶೇಷ ಕನ್ನಡಕ ಹಾಕಿಕೊಂಡರೆ ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುತ್ತದೆ.

"ರಂಧ್ರ ಎಷ್ಟು ದೊಡ್ಡದು?" ಅಂದೆ.

ಅವಳು ಎರಡೂ ಕೈಗಳ ಬೆರಳು ಕೂಡಿಸಿ ಒಂದು ಪಾಯಸದ ಬಟ್ಟಲಿನಷ್ಟು ತೋರಿಸಿದಳು. ತೋರಿಸುವ ಭರದಲ್ಲಿ ಹೊಟ್ಟೆ ಅಲುಗಿ, ಮಗು ಮಗ್ಗುಲಾಗಿ, ನಾನು ಅಷ್ಟು ಹೊತ್ತಿನಿಂದ ಹಿಡಿದಿಟ್ಟುಕೊಂಡಿದ್ದ ಹೃದಯದ ಚಿತ್ರ ತಪ್ಪಿಹೋಯಿತು. ಇಬ್ಬರೂ ನಕ್ಕೆವು. ಎದ್ದು ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ನಮ್ಮಲ್ಲಿ ಜನ ಕಡಿಮೆ ಇದ್ದಾರೆ, ಯೋಚನೆ ಮಾಡು," ಅಂದಳು. ಆಮೇಲೆ ಅವಳನ್ನು ನಾನು ನೋಡಿಲ್ಲ.

ನನ್ನ ಕೈ ಒಳ್ಳೆಯದು ಎಂಬುದು ನನಗೆ ಗೊತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೇರೆಯವರಿಗೆ ಸಿಗದ ಚಿತ್ರ ನನಗೆ ಸಿಗುತ್ತಿತ್ತು. ಕಷ್ಟದ ಕೇಸುಗಳನ್ನು ವೈದ್ಯರು ನನ್ನ ಕೋಣೆಗೇ ಕಳಿಸುತ್ತಿದ್ದರು. ಆ ಕೆಲಸದಲ್ಲಿ ಕೈಯಷ್ಟೇ ಮುಖ್ಯವಾದದ್ದು ದನಿ. ಕಂಡದ್ದನ್ನು ರೋಗಿಗೆ ಹೇಳುವ ಅಧಿಕಾರ ಸೋನೋಗ್ರಾಫರ್‌ಗೆ ಇಲ್ಲ, ಅದನ್ನು ವೈದ್ಯರೇ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹೆಂಗಸು ಗಂಡನ ಜೊತೆ ಬಂದಿದ್ದಳು. ಮಗುವಿಗೆ ಇಡಬೇಕಾದ ಹೆಸರಿನ ಬಗ್ಗೆ ಇಬ್ಬರೂ ಜಗಳವಾಡುತ್ತಿದ್ದರು. ನಾನು ಹಿಡಿಕೆ ಇಟ್ಟೆ. ಮಗುವಿನ ಎದೆ ಕಂಡಿತು, ಎದೆಯೊಳಗೆ ಏನೂ ಮಿಡಿಯುತ್ತಿರಲಿಲ್ಲ. ನಾನು ತಲೆಯ ಅಳತೆ ತೆಗೆದುಕೊಂಡೆ, ತೊಡೆಯ ಮೂಳೆಯ ಅಳತೆ ತೆಗೆದುಕೊಂಡೆ. "ಸ್ವಲ್ಪ ಎಡಕ್ಕೆ ತಿರುಗ್ತೀರಾ? ಥ್ಯಾಂಕ್ಯೂ. ನಾನು ಡಾಕ್ಟರನ್ನ ಕರೆದುಕೊಂಡು ಬರ್ತೀನಿ, ಅವರೂ ಒಂದು ಸಲ ನೋಡಲಿ," ಅಂದೆ. ಬಾಗಿಲು ದಾಟುವವರೆಗೆ ನನ್ನ ದನಿ ಕದಲಲಿಲ್ಲ. ಕಾರಿಡಾರಿನಲ್ಲಿ ಒಂದು ಗಳಿಗೆ ಗೋಡೆಗೆ ಒರಗಿ ನಿಂತು ಡಾಕ್ಟರ ಕೋಣೆಗೆ ನಡೆದೆ. ಆ ದಂಪತಿಗೆ ಇನ್ನೆರಡು ನಿಮಿಷ ನೆಮ್ಮದಿಯಾಗಿ ಹೆಸರಿನ ಜಗಳವಾಡಲು ಬಿಟ್ಟೆನಲ್ಲ ಎಂಬುದೊಂದೇ ಸಮಾಧಾನ.

ಆರು ವರ್ಷ ಆ ಕೋಣೆಯಲ್ಲಿ ದುಡಿದ ಮೇಲೆ ನನ್ನ ಕೈಗೆ ಇನ್ನೂ ದೊಡ್ಡದೇನಾದರೂ ಬೇಕು ಅನ್ನಿಸತೊಡಗಿತ್ತು. ಬಸುರಿ ಹೆಂಗಸು ಹೇಳಿದ ಕೆಲಸದ ಬಗ್ಗೆ ಓದಿದೆ, ವಿಡಿಯೋ ನೋಡಿದೆ, ಅರ್ಜಿ ಹಾಕಿದೆ. ಕಣ್ಣಿನ ಪರೀಕ್ಷೆ, ಓಟದ ಪರೀಕ್ಷೆ, ಒಗಟಿನಂಥ ಪರೀಕ್ಷೆಗಳು ಎಲ್ಲ ಮುಗಿದು ಆಯ್ಕೆಯಾದ ಮೇಲೆ ಸಿಡ್ನಿಯ ಇನ್ನೊಂದು ಬಡಾವಣೆ ಗಿರಾವೀನ್‌ನಲ್ಲಿದ್ದ ಅಪ್ಪ ಅವ್ವನಿಗೆ ಹೇಳಲು ಹೋದೆ.

ನಾವು ಹುಬ್ಬಳ್ಳಿಯವರು. ಅಪ್ಪ ಅಲ್ಲಿ ರೈಲ್ವೆ ಕಾರ್ಯಾಗಾರದಲ್ಲಿ ಎಂಜಿನಿಯರ್ ಆಗಿದ್ದರು; ಸಿಡ್ನಿಗೆ ಬಂದ ಮೇಲೂ ರೈಲಿನ ಗಾಲಿಗಳನ್ನೇ ನೋಡಿಕೊಂಡಿದ್ದು ನಿವೃತ್ತರಾದರು. ಅವ್ವ ಹುಬ್ಬಳ್ಳಿಯಲ್ಲಿ ಗಣಿತ ಕಲಿಸುತ್ತಿದ್ದಳು, ಇಲ್ಲಿ ಚೈಲ್ಡ್‌ಕೇರ್‌ನಲ್ಲಿ ಪುಟ್ಟ ಮಕ್ಕಳನ್ನು ಆಡಿಸಿದಳು. ನಾನು ಏಳನೆಯ ತರಗತಿಯವರೆಗೆ ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ್ದೆ. ಇದನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಗಿರುವುದು ಅದರಿಂದ.

ಅವ್ವ ಕೊತ್ತಂಬರಿ ಸೋಸುತ್ತಿದ್ದಳು. ಕೇಳಿದವಳೇ ಕೈ ನಿಲ್ಲಿಸಿದಳು.

"ಆಸ್ಪತ್ರಿ ಕೆಲಸ ಬಿಟ್ಟು ವಿಮಾನಕ್ಕ ಎಣ್ಣಿ ಹಾಕಾಕ ಹೊಂಟೀಯೇನು?"

"ಹಾರೂ ವಿಮಾನಕ್ಕ, ಅವ್ವಾ."

"ನಿಂತ ವಿಮಾನಕ್ಕರ ಹಾಕಿದ್ರ ಒಂದ್ ಮಾತಿತ್ತು."

ಅಪ್ಪ ಓದುತ್ತಿದ್ದ ಪೇಪರನ್ನು ಮಡಿಚಿಟ್ಟರು. ಆಮೇಲೆ, "ಅದು ಯುದ್ಧದ ಕೆಲಸ ಅಲ್ಲೇನು? ನೀ ಬಾಂಬ್ ಹಾಕಂಗಿಲ್ಲ ಖರೆ, ಹಾಕಾವ್ರಿಗೆ ಎಣ್ಣಿ ಕೊಡ್ತಿ," ಅಂದರು.

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಜಾಣತನದ ಉತ್ತರವೊಂದನ್ನು ಸಿದ್ಧ ಮಾಡಿಟ್ಟುಕೊಂಡೂ ಇದ್ದೆ. ಅಪ್ಪನ ಮುಖ ನೋಡಿದ ಮೇಲೆ ಅದು ಬೇಡವೆನಿಸಿತು.

"ಹೌದಪ್ಪಾ. ಅದನ್ನ ತಿಳಕೊಂಡ ಹೊಂಟೀನಿ."

"ತಿಳಕೊಂಡು ಹೋಗೂದಿದ್ರ ಹೋಗು," ಅಂದರು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ನಾನು ಮಾತ್ರ ಅದನ್ನು ಕೈಬಿಟ್ಟಿಲ್ಲ. ಸುದ್ದಿಯಲ್ಲಿ ಎಲ್ಲಾದರೂ ಊರು ಉರಿಯುವುದನ್ನು ಕಂಡಾಗ ಅಪ್ಪನ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಉತ್ತರ ಪ್ರತಿಸಲವೂ ಒಂದೇ ಆಗಿರುವುದಿಲ್ಲ.

ನನ್ನ ಗಂಡ ಮೈಸೂರಿನವನು, ಹೈಸ್ಕೂಲಿನಲ್ಲಿ ಮೇಷ್ಟ್ರು. ಆಗಷ್ಟೇ ಅವನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತ್ತು. "ಟ್ರೈ ಮಾಡು. ಸರಿ ಹೋಗ್ಲಿಲ್ಲ ಅಂದ್ರೆ ಕ್ಲಿನಿಕ್ ಎಲ್ಲೂ ಓಡಿಹೋಗಲ್ಲ. ಹೋಗದೇ ಇದ್ರೆ ಮಾತ್ರ ಜೀವಮಾನ ಪೂರ್ತಿ ನನ್ನ ತಲೆ ತಿಂತೀಯ," ಅಂದ. ನಾವು ಮೆಲ್ಬರ್ನ್‌ನ ಪಶ್ಚಿಮದ ಸಬರ್ಬ್ ಒಂದರಲ್ಲಿ ಮನೆ ಹಿಡಿದೆವು. ಮೊದಲ ತರಬೇತಿ ಅದೇ ರಾಜ್ಯದಲ್ಲಿದ್ದುದರಿಂದ ಶುಕ್ರವಾರ ರೈಲು ಹತ್ತಿದರೆ ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆ.

ಆ ದಿನಗಳಲ್ಲೇ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ಅವ್ವನ ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಬಣ್ಣದ ವಾಸನೆ ಇನ್ನೂ ಆರದ ಹೊಸ ಮನೆ, ಹಿತ್ತಲಲ್ಲಿ ಹುಲ್ಲು ಹಿಡಿಯದ ಮಣ್ಣು, ಬಾಡಿಗೆಯ ಕುರ್ಚಿಗಳು. ಬೆಂಗಳೂರಿನ ಅಂಕಲ್ ಒಬ್ಬರು ನನ್ನ ಹೊಸ ಕೆಲಸದ ಸುದ್ದಿ ಕೇಳಿ, "ಓ, ಸ್ಕೈನಲ್ಲಿ ಪೆಟ್ರೋಲ್ ಬಂಕ್ ಇಡ್ತಿದೀಯ ಅನ್ನು! ಗ್ಲಾಸ್ ಕ್ಲೀನ್ ಮಾಡಿ ಕೊಡ್ತೀರಾ? ಗಾಳಿ ಫ್ರೀನಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ನಿಜವಾಗಿ ಚೆನ್ನಾಗಿತ್ತು. ಆಮೇಲೆ ಎಲೆಯ ಮೇಲಿದ್ದ ಹೋಳಿಗೆಯನ್ನು ವಿಮಾನ ಮಾಡಿ, ನುಗ್ಗೇಕಾಯಿಯನ್ನು ಬೂಮ್ ಮಾಡಿ ವಿವರಿಸಿದೆ. ಪಕ್ಕದಲ್ಲಿದ್ದ ಆಂಟಿಗೆ ಥಟ್ಟನೆ ಹೊಳೆಯಿತು.

"ಅಯ್ಯೋ, ಅಷ್ಟೇನಾ? ಓಡಾಡ್ಕೊಂಡಿರೋ ಮಗುಗೆ ತುತ್ತು ಹಾಕೋದು!"

"ಕರೆಕ್ಟ್ ಆಂಟಿ. ಆದ್ರೆ ನಾವು ಮಗು ಹಿಂದೆ ಓಡೋ ಹಾಗಿಲ್ಲ. ಮಗುನೇ ಹತ್ರ ಬಂದು ಬಾಯಿ ತೆಗೀಬೇಕು."

"ಅಂಥ ಮಗು ನಾನು ಎಲ್ಲೂ ನೋಡಿಲ್ಲಮ್ಮ," ಅಂದರು ಆಂಟಿ.

ನಗೆಯಲ್ಲಿ ಮುಗಿದ ಆ ಮಾತಿನಲ್ಲೇ ನನ್ನ ಕಷ್ಟವೂ ಇತ್ತು. ಟ್ಯಾಂಕರ್ ವಿಮಾನಗಳಿರುವುದು ಇನ್ನೊಂದು ರಾಜ್ಯವಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಅಲ್ಲಿಗೆ ಹೋದ ಮೇಲೆ ಕೆಲ ತಿಂಗಳು ನೆಲದ ಮೇಲಿನ ಅಣಕು ಯಂತ್ರದ ಮುಂದೆ ಕೂತು ಕಲಿತು, ನಂತರ ನಿಜವಾಗಿ ಹಾರತೊಡಗಿದೆ. ನನ್ನ ಶಿಕ್ಷಕರು ಐವತ್ತು ದಾಟಿದ ಬಿಳಿ ಗಡ್ಡದ ಮನುಷ್ಯ. ಹಳೆಯ ಕಾಲದ ಟ್ಯಾಂಕರ್‌ಗಳಲ್ಲಿ ಬಾಲದೊಳಗೆ ಬೋರಲು ಮಲಗಿ, ಗಾಜಿನ ಕಿಂಡಿಯಿಂದ ನೋಡುತ್ತ ಬೂಮ್ ಆಡಿಸಿದವರು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾರಾಟ ಮುಗಿಸಿ ಇಳಿದ ಮೇಲೆ, "ನೀನು ಅದನ್ನು ಭರ್ಜಿಯ ಹಾಗೆ ಚುಚ್ಚುತ್ತಿದ್ದೀಯ," ಅಂದರು. ಅದು ನಿಜ. ಕೊನೆಯ ಒಂದೆರಡು ಮೀಟರಿನಲ್ಲಿ ನನ್ನ ಕೈ ಬಿಗಿಯಾಗುತ್ತಿತ್ತು. ಕೆಳಗಿನ ವಿಮಾನ ಸ್ವಲ್ಪ ತೂಗಿದರೆ ನಾನೂ ಬೂಮ್ ತೂಗುತ್ತಿದ್ದೆ. ಅದು ಬಲಕ್ಕೆ ಬಂದಾಗ ನಾನು ಬಲಕ್ಕೆ ಹೋಗುವಷ್ಟರಲ್ಲಿ ಅದು ಮತ್ತೆ ಎಡದಲ್ಲಿರುತ್ತಿತ್ತು. ತರಬೇತಿಯ ಮಧ್ಯದ ಪರೀಕ್ಷಾ ಹಾರಾಟದಲ್ಲಿ ಅವರು ನನ್ನನ್ನು ಅನುತ್ತೀರ್ಣ ಮಾಡಿದರು.

ಆ ವಾರ ಗಿರಾವೀನ್‌ಗೆ ಹೋಗಿದ್ದಾಗ ಅಪ್ಪನ ಮುಂದೆ ಇದನ್ನು ಹೇಳಿಕೊಂಡೆ. ಅಪ್ಪ ಹುಬ್ಬಳ್ಳಿಯ ಯಾರ್ಡಿನಲ್ಲಿ ರೈಲು ಡಬ್ಬಿಗಳನ್ನು ಜೋಡಿಸುವಾಗ ಮನುಷ್ಯ ಹೇಗೆ ಅಲುಗದೆ ನಿಲ್ಲಬೇಕು, ಡಬ್ಬಿ ತಾನಾಗಿ ಬರುವವರೆಗೆ ಹೇಗೆ ಕಾಯಬೇಕು ಎಂದು ಬಹಳ ಚೆನ್ನಾಗಿ ವರ್ಣಿಸಿದರು. ಕೇಳಲು ಸೊಗಸಾಗಿತ್ತು, ಉಪಯೋಗಕ್ಕೆ ಬರಲಿಲ್ಲ. ಕಾಯಬೇಕು ಎಂದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಹಿಂದಿರುಗಿ ಶಿಕ್ಷಕರ ಬಾಗಿಲು ತಟ್ಟಿದೆ. "ಇನ್ನೊಂದು ಹಾರಾಟ ಕೊಡಿ. ನನ್ನಿಂದ ಆಗುತ್ತದೆ," ಅಂದೆ. ಬೇಡುವ ದನಿಯಲ್ಲಿ ಹೇಳಲಿಲ್ಲ. ಅವರು ನನ್ನನ್ನು ಕೂರಿಸಿ ಹಿಂದಿನ ಹಾರಾಟದ ಧ್ವನಿಮುದ್ರಣ ಹಾಕಿದರು. ನಾವಿಬ್ಬರೂ ಕೇಳಿದೆವು. ವಿಮಾನ ಹತ್ತಿರ ಬರುತ್ತಿದೆ, ನಾನು ಅದಕ್ಕೆ ದಾರಿ ಹೇಳುತ್ತಿದ್ದೇನೆ, ಮೈಕಿನಲ್ಲಿ ನನ್ನ ಉಸಿರು ಕೇಳುತ್ತಿದೆ. ಇನ್ನೇನು ಕೂಡಬೇಕು ಅನ್ನುವಾಗ ಎಲ್ಲವೂ ಸ್ತಬ್ಧ.

"ಇಲ್ಲಿ ನೀನು ಸತ್ತುಹೋಗಿದ್ದೀಯ," ಅಂದರು ಅವರು. "ಪ್ರತಿಸಲವೂ ಇದೇ ಜಾಗದಲ್ಲಿ. ಯಾಕೆ ಉಸಿರು ಹಿಡಿಯುತ್ತೀಯ?"

ನನಗೆ ಒಮ್ಮೆಲೇ ಅರ್ಥವಾಗಿ ಜೋರಾಗಿ ನಕ್ಕುಬಿಟ್ಟೆ. ಆರು ವರ್ಷ ದಿನವೂ ರೋಗಿಗಳಿಗೆ "ಉಸಿರು ಬಿಗಿಹಿಡಿಯಿರಿ" ಎನ್ನುತ್ತಿದ್ದೆ. ಚಿತ್ರ ಸ್ಥಿರವಾಗಬೇಕಾದ ಆ ಕ್ಷಣದಲ್ಲಿ ಅವರ ಜೊತೆಗೆ ನಾನೂ ಹಿಡಿಯುತ್ತಿದ್ದೆ. ಅದು ನನ್ನ ಮೈಗೆ ಅಂಟಿಕೊಂಡಿತ್ತು. ಉಸಿರು ನಿಂತರೆ ಭುಜ ಬಿಗಿಯುತ್ತದೆ, ಭುಜ ಬಿಗಿದರೆ ಬೆರಳು ಬಿಗಿಯುತ್ತದೆ.

"ಹಾಗಾದರೆ ಮಾತಾಡು," ಅಂದರು ಶಿಕ್ಷಕರು. "ಮಾತಾಡುತ್ತ ಉಸಿರು ಹಿಡಿಯಲು ಯಾರಿಗೂ ಬರುವುದಿಲ್ಲ. ಕೊನೆಯವರೆಗೂ ಏನಾದರೂ ಹೇಳುತ್ತಿರು."

ರೇಡಿಯೋದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡುವಂತಿಲ್ಲ. ಆದರೆ ನಮ್ಮ ವಿಮಾನದೊಳಗೆ, ನಮ್ಮ ನಮ್ಮಲ್ಲೇ, ಮಾತಾಡಬಹುದು. "ಹತ್ತಿರ ಬಂದ, ಚೆನ್ನಾಗಿದ್ದಾನೆ, ಸ್ವಲ್ಪ ಬಲಕ್ಕೆ, ವಾಪಸ್ ಬಂದ, ಬೂಮ್ ಇಳೀತಿದೆ, ಇಳೀತಿದೆ, ಕೂತಿತು." ಮುಂದಿನ ಹಾರಾಟದಲ್ಲಿ ನಾನು ಕೊನೆಯ ಮೀಟರಿನಲ್ಲೂ ಹೀಗೆ ಗುಣುಗುಡುತ್ತಲೇ ಇದ್ದೆ. ಬೂಮ್ ತಾನಾಗಿಯೇ ಹೋಗಿ ಕೂತಂತೆ ಕೂತಿತು. ಪೈಲಟ್‌ಗಳು ನನಗೊಂದು ಅಡ್ಡಹೆಸರು ಇಟ್ಟರು. ಅದರ ಅರ್ಥ ಹೆಚ್ಚುಕಮ್ಮಿ 'ಕ್ರಿಕೆಟ್ ಕಾಮೆಂಟರಿ' ಎಂದು. ನನಗೆ ಅದು ಇಷ್ಟವಾಯಿತು.

ಹೇಳಲೇಬೇಕಾದ ಆ ದಿನ ಬಂದದ್ದು ಅದಾದ ಎರಡು ವರ್ಷಗಳ ಮೇಲೆ. ಸಿಡ್ನಿಯಿಂದ ಪೂರ್ವಕ್ಕೆ, ಕರಾವಳಿ ಕಾಣದಷ್ಟು ದೂರ ಸಮುದ್ರದ ಮೇಲೆ, ಮಧ್ಯಾಹ್ನದ ಒಂದು ಅಭ್ಯಾಸ ಹಾರಾಟ. ಒಬ್ಬೊಬ್ಬರೇ ಕೂರುವ ಎರಡು ಯುದ್ಧವಿಮಾನಗಳು ಅಭ್ಯಾಸ ಮುಗಿಸಿ ತಮ್ಮ ನೆಲೆಗೆ ಮರಳಬೇಕಿತ್ತು. ಅಷ್ಟರಲ್ಲಿ ಗುಡುಗುಮೋಡಗಳ ಸಾಲೊಂದು ಅಂದುಕೊಂಡದ್ದಕ್ಕಿಂತ ಬೇಗ ಕರಾವಳಿಯನ್ನು ಮುಚ್ಚಿತು. ಅವರ ನೆಲೆಯ ರನ್‌ವೇ ಮೇಲೂ ಅದೇ ಮೋಡ, ಹತ್ತಿರದ ಬದಲಿ ರನ್‌ವೇ ಮೇಲೂ ಅದೇ. ಒಳನಾಡಿನಲ್ಲಿ ಆಕಾಶ ಸ್ವಚ್ಛವಾಗಿದ್ದ ಒಂದು ವಿಮಾನನಿಲ್ದಾಣವಿತ್ತು, ಆದರೆ ಅಲ್ಲಿಯವರೆಗೆ ಹೋಗಲು ಅವರಲ್ಲಿ ಇಂಧನ ಸಾಲದು. ಆದ್ದರಿಂದ ಇಬ್ಬರೂ ನಮ್ಮತ್ತ ತಿರುಗಿದರು.

ಮೊದಲನೆಯವನು ಅನುಭವಸ್ಥ. ಗಾಳಿ ಏರುಪೇರಾಗಿದ್ದರೂ ಬಂದು, ಜಾಗ ಹಿಡಿದು, ತನಗೆ ಬೇಕಾದಷ್ಟು ತೆಗೆದುಕೊಂಡು ಪಕ್ಕಕ್ಕೆ ಸರಿದು ನಿಂತ. ಎರಡನೆಯವನು ಹೊಸಬ. ಇಂಥ ಗಾಳಿಯಲ್ಲಿ ಅವನು ಹಿಂದೆಂದೂ ಇಂಧನ ತೆಗೆದುಕೊಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವನು ಬರುವ ರೀತಿಯಲ್ಲೇ ಏನೋ ತಪ್ಪಿತ್ತು. ನನ್ನ ಪರದೆಯಲ್ಲಿ ಅವನ ವಿಮಾನ ಬೇಗ ಬೇಗ ದೊಡ್ಡದಾಗುತ್ತಿತ್ತು. ಅದರ ಮೂಗು ಬೂಮಿನ ತುದಿಯನ್ನು ದಾಟಿ ಇನ್ನೂ ಮುಂದಕ್ಕೆ ಬರುತ್ತಿತ್ತು.

"ಬ್ರೇಕ್‌ಅವೇ, ಬ್ರೇಕ್‌ಅವೇ, ಬ್ರೇಕ್‌ಅವೇ."

ನಾನು ರೇಡಿಯೋದಲ್ಲಿ ಕೂಗಿದ ಈ ಪದದ ಅರ್ಥ, ಕೂಡಲೇ ದೂರ ಸರಿಯಿರಿ ಎಂದು; ಇದು ಬಂದರೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ನಾನು ಬೂಮ್ ಎತ್ತಿದೆ. ನಮ್ಮ ಕ್ಯಾಪ್ಟನ್ ವೇಗ ಹೆಚ್ಚಿಸಿ ಮೇಲಕ್ಕೇರಿದಳು. ಅವನು ವೇಗ ಕಡಿಮೆ ಮಾಡಿ ಕೆಳಗೆ, ಹಿಂದಕ್ಕೆ ಬಿದ್ದ. ಅವನ ಕಾಕ್‌ಪಿಟ್ಟಿನ ಗಾಜು ಬೂಮಿನ ಹತ್ತಿರ ಹಾದುಹೋದದ್ದನ್ನು ನಾನು ಕಂಡೆ. ಎಷ್ಟು ಹತ್ತಿರ ಎಂದು ಕೇಳಿದವರಿಗೆ ನಾನು ಈಗಲೂ ಹೇಳುವುದಿಲ್ಲ.

ಅವನು ಮತ್ತೆ ನಮ್ಮ ಹಿಂದೆ ಬಂದು ನಿಂತ. ಹತ್ತಿರ ಬರಬಹುದು ಎಂದು ನಾನು ಅನುಮತಿ ಕೊಟ್ಟೆ. ಅವನು ಬರಲಿಲ್ಲ. ದೂರದಲ್ಲೇ, ಎಡಕ್ಕೂ ಬಲಕ್ಕೂ ತುಯ್ಯುತ್ತ ಉಳಿದ. ರೇಡಿಯೋದಲ್ಲಿ ಅವನ ಏದುಸಿರು ಕೇಳುತ್ತಿತ್ತು. ಅವನ ಬಳಿ ಉಳಿದ ಇಂಧನ ನಿಮಿಷಗಳ ಲೆಕ್ಕದ್ದು.

ಕ್ಯಾಪ್ಟನ್ ನಮ್ಮ ವಿಮಾನದೊಳಗಿನ ಮೈಕಿನಲ್ಲಿ ಕೇಳಿದಳು: "ಮುಂದುವರಿಸಲು ನೀನು ಸಿದ್ಧಳಿದ್ದೀಯಾ?"

ಇದು ಔಪಚಾರಿಕ ಪ್ರಶ್ನೆಯಲ್ಲ. ನಾನು ಆಗದು ಅಂದರೆ ಅಲ್ಲಿಗೆ ಮುಗಿಯಿತು, ಕ್ಯಾಪ್ಟನ್ ಕೂಡ ಅದನ್ನು ಮೀರುವುದಿಲ್ಲ. ಆಗ ಅವನು ಗುಡುಗುಮೋಡದೊಳಗೆ ನುಗ್ಗಿ ಇಳಿಯಲು ಯತ್ನಿಸಬೇಕು, ಇಲ್ಲವೇ ವಿಮಾನವನ್ನು ಸಮುದ್ರಕ್ಕೆ ಬಿಟ್ಟು ಹೊರಗೆ ಹಾರಬೇಕು. ನಾನು ಹೌದೆಂದು, ಅವನು ಮತ್ತೆ ಮೊದಲಿನಂತೆ ನುಗ್ಗಿದರೆ, ಎರಡು ವಿಮಾನಗಳ ಜನರೂ ಹೋಗಬಹುದು. ನನ್ನ ಕೈ ನೋಡಿಕೊಂಡೆ. ಅದು ಹಿಡಿಕೆಯ ಮೇಲೆ ಸಡಿಲವಾಗಿ ಕೂತಿತ್ತು.

"ಸಿದ್ಧಳಿದ್ದೇನೆ," ಅಂದೆ. "ಆದರೆ ಸ್ವಲ್ಪ ಮೇಲೆ ಹೋಗೋಣ, ಮೋಡಕ್ಕೆ ಬೆನ್ನು ಹಾಕಿ. ಅಲ್ಲಿ ಗಾಳಿ ಮೆತ್ತಗಿರಬಹುದು."

ಕ್ಯಾಪ್ಟನ್ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ನಿಧಾನವಾಗಿ ಏರಿಸಿದಳು. ನಾನು ರೇಡಿಯೋ ಒತ್ತಿ ಅವನ ಜೊತೆ ಮಾತಾಡತೊಡಗಿದೆ. ಬಾಯಿ ತೆರೆದಾಗ ಹೊರಬಂದದ್ದು ಲಿವರ್‌ಪೂಲ್‌ನ ಕೋಣೆಯ ದನಿ. ಅದನ್ನು ನಾನು ಕರೆದಿರಲಿಲ್ಲ. ಸ್ವಲ್ಪ ಎಡಕ್ಕೆ ತಿರುಗ್ತೀರಾ, ಥ್ಯಾಂಕ್ಯೂ ಎನ್ನುವ ಅದೇ ಸಪಾಟು ದನಿ. ಅಲ್ಲಿ ಅದು ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಿತ್ತು. ಇಲ್ಲಿ ಸುದ್ದಿ ಇನ್ನೂ ಹುಟ್ಟಿರಲಿಲ್ಲ.

"ನಿಮ್ಮ ಮುಂದೆ ನಮ್ಮ ವಿಮಾನದ ಹೊಟ್ಟೆಯ ದೀಪಗಳು ಕಾಣಿಸ್ತಿವೆಯಾ?"

"ಕಾಣಿಸ್ತಿವೆ."

"ಒಳ್ಳೆಯದು. ಬೂಮ್ ಕಡೆ ನೋಡಬೇಡಿ, ಅದು ನನ್ನ ಕೆಲಸ. ದೀಪ ನೋಡಿ, ನಿಧಾನವಾಗಿ ಮುಂದೆ ಬನ್ನಿ. ನಡೆದುಕೊಂಡು ಬರುವಷ್ಟು ನಿಧಾನ."

ಅವನು ಹೊರಟ. ಅರ್ಧ ದಾರಿಯಲ್ಲಿ ನಿಂತ.

"ಅಲ್ಲೇ ಇರಿ. ಆ ಜಾಗ ಚೆನ್ನಾಗಿದೆ. ಕಾಲ್ಬೆರಳು ಅಲುಗಿಸಿ."

"ಏನು?"

"ಶೂ ಒಳಗೆ ಕಾಲ್ಬೆರಳು ಅಲುಗಿಸಿ. ಆಮೇಲೆ ಮುಂದೆ ಬನ್ನಿ."

ಇದು ಯಾವ ಕೈಪಿಡಿಯಲ್ಲೂ ಇಲ್ಲ. ಸೂಜಿಗೆ ಹೆದರುವ ರೋಗಿಗಳಿಗೆ ನಾನು ಹೇಳುತ್ತಿದ್ದ ಉಪಾಯ ಅದು. ಕಾಲ್ಬೆರಳು ಅಲುಗಿಸುತ್ತ ಭುಜ ಬಿಗಿಹಿಡಿಯುವುದು ಕಷ್ಟ. ಪರದೆಯಲ್ಲಿ ಅವನ ರೆಕ್ಕೆಗಳ ತುಯ್ದಾಟ ಕಡಿಮೆಯಾದದ್ದು ಕಂಡಿತು. ಅವನು ಬಂದ. "ಹತ್ತು ಅಡಿ, ಚೆನ್ನಾಗಿದ್ದೀರಿ, ಐದು, ನಿಲ್ಲಿ." ನಾನು ಬೂಮ್ ಇಳಿಸಿದೆ. ತುದಿ ಅವನ ಬೆನ್ನಿನ ಬಟ್ಟಲಿನ ಅಂಚಿಗೆ ತಾಗಿ ಜಾರಿತು. ಎತ್ತಿದೆ. ಕಾದೆ. ಅವನ ವಿಮಾನ ಒಮ್ಮೆ ಏರಿ ಇಳಿದು ತನ್ನ ಜಾಗಕ್ಕೆ ಮರಳಿತು. ಮತ್ತೆ ಇಳಿಸಿದೆ. ಕೂತಿತು.

"ಕಾಂಟ್ಯಾಕ್ಟ್," ಅಂದೆ.

"ಕಾಂಟ್ಯಾಕ್ಟ್," ಅಂದ ಅವನೂ, ಅಳುವಿನಂಥ ನಗುವಿನಂಥ ದನಿಯಲ್ಲಿ.

ಇಂಧನ ಹರಿಯತೊಡಗಿತು. ನಡುವೆ ಒಮ್ಮೆ ಗಾಳಿ ಹೊಡೆದು ಸಂಪರ್ಕ ಕಳಚಿತು. ಈ ಸಲ ಅವನೇ ಹೆದರದೆ ಹಿಂದೆ ಸರಿದು, ನಾನು ಕರೆಯುವ ಮೊದಲೇ ಮರಳಿ ಬಂದ. ಸಾಕಷ್ಟು ಆದ ಮೇಲೆ ಬೂಮ್ ಬಿಡಿಸಿದೆ. ಎರಡೂ ವಿಮಾನಗಳು ಪಶ್ಚಿಮಕ್ಕೆ, ಮೋಡಗಳ ಮೇಲಿನಿಂದ, ಒಳನಾಡಿನ ಕಡೆ ಹೊರಟವು. ಅವರು ಸುರಕ್ಷಿತವಾಗಿ ಇಳಿದ ಸುದ್ದಿಗೆ ಕಾದೆವು. ಬಂದ ಮೇಲೆ ಕ್ಯಾಪ್ಟನ್ ಹಿಂದಕ್ಕೆ ತಿರುಗಿ, "ಕಾಲ್ಬೆರಳಾ?" ಅಂದಳು. ಎಲ್ಲರೂ ನಗಲು ಶುರುಮಾಡಿ ನಿಲ್ಲಿಸಲಾರದೇ ಹೋದೆವು.

ಆ ಸಂಜೆ ಗಂಡನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವನು "ಶನಿವಾರ ಮನೆಗೆ ಬರ್ತೀಯ ತಾನೆ?" ಅಂತಷ್ಟೇ ಕೇಳಿದ. ಅಪ್ಪ ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಅವ್ವ ಅಂದಿನಿಂದ ಹವಾಮಾನದ ಸುದ್ದಿ ನೋಡುವುದನ್ನೇ ಕೆಲಸ ಮಾಡಿಕೊಳ್ಳುತ್ತಿದ್ದಳು.

ಆದರೆ ಅವಳಿಗೆ ಗೊತ್ತಾಗಿಯೇ ಆಯಿತು. ಕೆಲವು ತಿಂಗಳ ನಂತರ ಮೆಲ್ಬರ್ನ್ ಹೊರವಲಯದ ಒಂದು ವಿಮಾನನಿಲ್ದಾಣದಲ್ಲಿ ಸಾರ್ವಜನಿಕರಿಗೆ ವಿಮಾನಗಳನ್ನು ತೋರಿಸುವ ದಿನವಿತ್ತು. ನಮ್ಮ ಟ್ಯಾಂಕರನ್ನೂ ಅಲ್ಲಿಗೆ ತಂದಿದ್ದೆವು. ಅಪ್ಪ ಅವ್ವ ಸಿಡ್ನಿಯಿಂದ ಬಂದಿದ್ದರು. ಬಿಸಿಲಿಗೆ ಅವ್ವ ಸೆರಗನ್ನು ತಲೆಯ ಮೇಲೆ ಹೊದ್ದು, ಅದರ ಮೇಲೆ ನನ್ನ ಗಂಡನ ಕ್ರಿಕೆಟ್ ಟೋಪಿ ಇಟ್ಟುಕೊಂಡಿದ್ದಳು. ಅಪ್ಪ ಚಕ್ರಗಳ ಬಳಿ ನಿಂತು ಬ್ರೇಕಿನ ಬಗ್ಗೆ ಯಾರನ್ನೋ ವಿಚಾರಿಸುತ್ತಿದ್ದರು. ಬಾಲದ ಕೆಳಗೆ ಅವ್ವನಿಗೆ ಬೂಮ್ ತೋರಿಸುತ್ತಿದ್ದಾಗ ಹಾರಾಟದ ಸಮವಸ್ತ್ರದ ಯುವಕನೊಬ್ಬ ಹತ್ತಿರ ಬಂದ. ನಾನು ಅವನ ಮುಖವನ್ನು ಎಂದೂ ನೋಡಿರಲಿಲ್ಲ. ಹೆಲ್ಮೆಟ್ಟು, ಮುಖವಾಡ ಮಾತ್ರ ಕಂಡಿದ್ದೆ. ಅವನು ಬಾಯಿ ತೆರೆದ ಕೂಡಲೇ ಗುರುತು ಹಿಡಿದೆ.

"ಕಾಲ್ಬೆರಳು," ಅಂದ ಅವನು.

ಕೈ ಕುಲುಕಿದ. ಆಮೇಲೆ ಅವ್ವನಿಗೆ ತಾನು ಯಾರೆಂದು, ಆ ದಿನ ಏನಾಯಿತೆಂದು, ನಾನು ತಡೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ. ಅವ್ವ ತನ್ನ ಇಂಗ್ಲಿಷಿನಲ್ಲಿ, ಮೇಷ್ಟ್ರಮ್ಮನ ಗತ್ತಿನಲ್ಲಿ ಕೇಳಿದಳು: "ಮೊದಲ ಸಲ ಅಷ್ಟು ಹೆದರಿದ ಮೇಲೆ ಎರಡನೇ ಸಲ ಹೇಗೆ ಬಂದೆ?"

ಅವನು ಯೋಚಿಸಿದ. "ಇವರ ದನಿ ಕೇಳಿದರೆ ಬೇಸರ ಬಂದವರ ಹಾಗಿತ್ತು. ದಿನಕ್ಕೆ ನೂರು ಸಲ ಇದೇ ಆಗುತ್ತದೆ ಅನ್ನುವ ಹಾಗೆ. ಹಾಗಾದರೆ ಇದು ಅಷ್ಟು ದೊಡ್ಡ ವಿಷಯ ಅಲ್ಲ ಅಂದುಕೊಂಡೆ."

ಅವ್ವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಖರೇನ ಬ್ಯಾಸರಾಗಿತ್ತೇನ ನಿನಗ?" ಅಂದಳು.

"ಇಲ್ಲವ್ವಾ. ಜೀವನದಾಗ ಅಷ್ಟು ಅಂಜಿದ್ದಿಲ್ಲ."

"ಅವಂಗ ಹೇಳಬ್ಯಾಡ," ಅಂದಳು ಅವ್ವ. ಅವನಿಗೆ ಮಾತ್ರ ಇಂಗ್ಲಿಷಿನಲ್ಲಿ, "ಹೌದು, ಇವಳಿಗೆ ಚಿಕ್ಕಂದಿನಿಂದ ಎಲ್ಲದಕ್ಕೂ ಬೇಸರ," ಎಂದು ಗಂಭೀರವಾಗಿ ಹೇಳಿ ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ತೆಗೆದಳು. ಅವನು ತಿಂದ. ಅವ್ವ ಅವನ ತೋಳು ಹಿಡಿದುಕೊಂಡೇ ನಿಂತಿದ್ದಳು. ಅಪ್ಪ ಬಂದಾಗ, "ಇಂವ ಆವತ್ತ ಮಾತು ಕೇಳಿದ್ದಕ್ಕ ಉಳದಾನ ನೋಡ್ರಿ," ಎಂದು ಪರಿಚಯಿಸಿದಳು. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವನ ಬೆನ್ನು ತಟ್ಟಿದರು.

ಮನೆಗೆ ಮರಳುವಾಗ ಅವ್ವ ಹಿಂದಿನ ಸೀಟಿನಲ್ಲಿ ಚಕ್ಕುಲಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಮ್ಮ ಸಬರ್ಬಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, "ಇನ್ನ ಎಷ್ಟ ವರ್ಷ ಮಾಡ್ತಿ ಇದನ್ನ?" ಅಂದಳು.

"ಕೈ ನಡಿಯೂತನಕ."

"ಮಾಡು," ಅಂದಳು. ಕಾರು ಮುಂದೆ ಹೋಯಿತು.

ಈಗ ನಾನು ಹೊಸಬರಿಗೆ ಕಲಿಸುತ್ತೇನೆ, ಜೊತೆಗೆ ಹಾರುತ್ತಲೂ ಇದ್ದೇನೆ. ಮೊನ್ನೆಯ ಹಾರಾಟದಲ್ಲಿ ಗಾಳಿ ಇರಲಿಲ್ಲ, ಮೋಡವೂ ಇರಲಿಲ್ಲ. ಕೆಳಗೆ ಸಮುದ್ರ ತವರದ ತಗಡಿನಂತೆ ಹೊಳೆಯುತ್ತಿತ್ತು. ವಿಮಾನಗಳು ಒಂದರ ಹಿಂದೊಂದು ಬಂದವು, ಕುಡಿದವು, ಹೋದವು. ಪಕ್ಕದಲ್ಲಿ ಕೂತಿದ್ದ ನನ್ನ ವಿದ್ಯಾರ್ಥಿನಿ, ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ತನ್ನ ಮೊದಲ ಕಾಂಟ್ಯಾಕ್ಟ್ ಮಾಡಿದಳು. ನಾನು ನನ್ನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕೊನೆಯ ವಿಮಾನ ಬಿಡಿಸಿಕೊಂಡು ಕರಾವಳಿಯ ಕಡೆ ವಾಲಿ ಇಳಿದುಹೋದ ಮೇಲೆ ಅವಳು ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, "ಇನ್ನೊಬ್ಬರು ಬರಬಾರದಿತ್ತಾ?" ಅಂದಳು.